ಐದು ಮೊಳೆ ತೂತು ಮತ್ತು 40 ಸಾವಿರ ಡಿಪಾಜಿಟ್

ಮೊನ್ನೆ ನಮ್ಮ ಮೇಲಿನ ಮನೆಯವರು ಬಂದು "ಮುಂದಿನ ತಿಂಗಳ ಮನಿ ಖಾಲಿ ಮಾಡ್ತೀವ್ರಿ ಅಕ್ಕಾರ" ಅಂದರು. ಎದೆ ಧಸಕ್ಕೆಂದಿತು. ಅವರ 40 ಸಾವಿರ ಡಿಪಾಜಿಟ್ ಹೋದ ವರ್ಷ ಬೋರಿನ ಮೋಟರ್ ಸುಟ್ಟಾಗಲೇ ಖರ್ಚಾಗಿದೆ.

ನಾನೂ ಹದಿನೈದು ವರ್ಷ ಟಿಳಕವಾಡಿ, ಅನಗೋಳ ಅಂತ ಬಾಡಿಗೆ ಮನೆಯಲ್ಲೇ ಇದ್ದವಳು. ಒಂದು ಮನೆ ಬಿಡುವಾಗ ಮಾಲಕರು ಟಾರ್ಚ್ ಹಿಡಿದು ಮೊಳೆಯ ತೂತು ಎಣಿಸಿದ್ದರು. ಐದು. ಅಡುಗೆಮನೆ ಕಿಟಕಿ ಪಕ್ಕ ಹಸಿ ಏರಿ ಬಣ್ಣ ಸಿಪ್ಪೆ ಎದ್ದಿತ್ತು, ಅದೂ ನನ್ನ ಲೆಕ್ಕಕ್ಕೇ ಬಂತು. ಬೆಳಗಾವಿ ಮಳೆಯನ್ನ ನಾನು ತಂದಿದ್ನಾ? "ಪೇಂಟಿಂಗ್ ಖರ್ಚ ಮುರಕೊಂಡ ಉಳದದ್ದ ಕೊಡ್ತೀನಿ, ಹೊಸಾ ಮಂದಿ ಬರಲಿ ತಡೀರಿ" ಅಂದರು. ಹೊಸ ಮಂದಿ ಯಾಕೆ ಬರಬೇಕಿತ್ತು ಅಂತ ಈಗ ಗೊತ್ತಾಗುತ್ತಿದೆ. ಅವರ ಡಿಪಾಜಿಟ್ ಬಂದರೇನೇ ನನ್ನದು ವಾಪಸ್. ಗೋಡೆ ಸುಮ್ನೆ ನೆಪ.

ಅಕ್ಕನ ಮಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಗೆಳೆಯರ ಜೊತೆ ಬಾಡಿಗೆ ಮನೆಯಲ್ಲಿದ್ದಾನೆ. ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ "ಇಲ್ಲಿ ಹಂಗ ನಡ್ಯಂಗಿಲ್ಲ ಚಿಗವ್ವ" ಅಂತ ನಕ್ಕ. ಅಲ್ಲಿ 2007ರಿಂದ ಕಾನೂನೇ ಇದೆ. ಡಿಪಾಜಿಟ್ ತಗೊಂಡ ಮಾಲೀಕ 30 ದಿನದೊಳಗೆ ಅದನ್ನ ಸರಕಾರ ಒಪ್ಪಿದ ಯೋಜನೆಯಲ್ಲಿ ದಾಖಲು ಮಾಡಬೇಕು. ದುಡ್ಡನ್ನ ಆ ಯೋಜನೆಯವರ ಹತ್ತಿರವೇ ಇಡಬಹುದು, ಇಲ್ಲ ತಾನೇ ಇಟ್ಟುಕೊಂಡು ಅದಕ್ಕೆ ವಿಮೆ ಮಾಡಿಸಬಹುದು. ತಪ್ಪಿದರೆ ಕೋರ್ಟು ಡಿಪಾಜಿಟ್ಟಿನ ಒಂದರಿಂದ ಮೂರು ಪಟ್ಟು ಬಾಡಿಗೆದಾರನಿಗೆ ಕೊಡಿಸಬಹುದು. ಜಗಳ ಬಂದರೆ ಆ ಯೋಜನೆಯವರೇ ಪುಕ್ಕಟೆ ಬಗೆಹರಿಸುತ್ತಾರೆ. ನನಗೆ ಹಿಡಿಸಿದ್ದು ಇದು: ದುಡ್ಡು ಬಾಡಿಗೆದಾರನದೇ ಅಂತಲೇ ಲೆಕ್ಕ, ಮನೆ ಹಾಳಾಗಿದೆ ಅಂತ ಫೋಟೋ, ಪಟ್ಟಿ ತೋರಿಸಿ ಸಾಬೀತು ಮಾಡುವ ಕೆಲಸ ಮಾಲೀಕನದು. ದಿನಬಳಕೆಯಲ್ಲಿ ಸವೆದದ್ದಕ್ಕೆ ಮುರಿಯುವಂತಿಲ್ಲ.

ನಮ್ಮಲ್ಲಿ? ಹನ್ನೊಂದು ತಿಂಗಳ ಬಾಂಡ್. ಒಂದು ವರ್ಷ ದಾಟಿದರೆ ನೋಂದಣಿ ಕಡ್ಡಾಯ, ಅದನ್ನ ತಪ್ಪಿಸೋಕೆ ಹನ್ನೊಂದು. ಕೇಂದ್ರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ತಂತು: ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡಿಪಾಜಿಟ್ ಬೇಡ, ಮನೆ ಒಪ್ಪಿಸಿದಾಗಲೇ ವಾಪಸ್ ಕೊಡಬೇಕು ಅಂತ. ಆದರೆ ಅದು ಮಾದರಿ ಅಷ್ಟೇ, ರಾಜ್ಯ ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಜಾರಿ. ಮತ್ತೆ ಅದರಲ್ಲೂ ದುಡ್ಡು ಇರೋದು ಮಾಲಕರ ಕೈಯಲ್ಲೇ. ಕೈಯಲ್ಲಿದ್ದ ದುಡ್ಡು ಮೋಟರಿಗೆ ಹೋಗುತ್ತದೆ, ಮಗಳ ಫೀಗೆ ಹೋಗುತ್ತದೆ. ನಾವೇನು ಕಳ್ಳರಲ್ಲ, ಆದರೆ ಖರ್ಚು ಮಾಡಿಬಿಟ್ಟ ಮೇಲೆ ಗೋಡೆ ಮೇಲಿನ ಕಲೆ ಎಲ್ಲ ದೊಡ್ಡದಾಗಿ ಕಾಣುತ್ತದೆ, ಅಲ್ವಾ?

ಹೊಸಬರು ಬಂದಾಗ ಅವರ ದುಡ್ಡನ್ನ ಬೇರೆ ಎಫ್‌ಡಿಯಲ್ಲಿ ಇಡಬೇಕು ಅಂತ ಮಾಡಿದ್ದೇನೆ. ಕೀಲಿ ಕೊಡುವ ದಿನ ಇಬ್ಬರೂ ಸೇರಿ ನಲ್ಲಿ, ಫ್ಯಾನು, ಗೋಡೆ ಎಲ್ಲದರ ವಿಡಿಯೋ ಮಾಡಿ ವಾಟ್ಸಾಪಿನಲ್ಲಿ ಹಾಕಿಕೊಳ್ಳುವುದು.

ನಿನ್ನೆ ಸಂಜೆ ಮೇಲೆ ಚಹಾಕ್ಕೆ ಕರೆದಿದ್ದರು. ಮಾತಾಡುತ್ತಲೇ ಕಣ್ಣು ಗೋಡೆ ಕಡೆ ಹೋಯಿತು, ಎಣಿಸಿಯೂ ಬಿಟ್ಟೆ. ಏಳು ತೂತು. ಕಪ್ಪು ಇಟ್ಟು ಕೆಳಗೆ ಬಂದವಳೇ ನಮ್ಮ ಭಿಶಿ, ಅಂದರೆ ತಿಂಗಳ ಚೀಟಿ ಗುಂಪಿಗೆ ಮೆಸೇಜ್ ಹಾಕಿದೆ, ಈ ತಿಂಗಳ ದುಡ್ಡು ನನಗೆ ಬೇಕು ಅಂತ.