ಸ್ಕಾಟ್ಲೆಂಡಲ್ಲೇ ‘ಸ್ಕಾಟಿಷ್ ಸ್ಟೈಲ್’ ಪಬ್ಬಂತೆ, ಹೋಗ್ರೀ!

ಮೊನ್ನೆ ಶುಕ್ರವಾರ ರಾತ್ರಿಯಿಂದ ತಲೆ ಕೆಟ್ಟು ಗೊಬ್ಬರ ಆಗಿದೆ. ಹೆಂಡತಿ ನಾಲ್ಕು ಸಲ ಕೇಳಿಸಿಕೊಂಡಳು, ಐದನೇ ಸಲಕ್ಕೆ "ಎಲ್ಲಾದ್ರೂ ಬರೆದು ಹಾಕಿ, ನನ್ನ ಹತ್ರ ಮಾತ್ರ ಇನ್ನು ಬೇಡ" ಅಂದಳು. ಅದಕ್ಕೇ ಬರೀತಿದ್ದೀನಿ.

ನಾನಿರೋದು ಎಡಿನ್‌ಬರೋದ ಲೀತ್‌ನಲ್ಲಿ, ಒಂಬತ್ತು ವರ್ಷದಿಂದ. ನಮ್ಮ ಬೀದಿ ತುದಿಯಲ್ಲಿ ಒಂದು ಪಬ್ ಇತ್ತು. ಕಟ್ಟಡ ಈಗಲೂ ಇದೆ, ಹೆಸರೂ ಅದೇ ಇದೆ, ಆದ್ರೂ ‘ಇತ್ತು’ ಅಂತಲೇ ಬರೀತೀನಿ. ಹಳೇ ಮಾಲೀಕರು ವಯಸ್ಸಾಯ್ತು ಅಂತ ಕೈಬಿಟ್ಟರು, ಯಾವುದೋ ಕಂಪನಿ ತಗೊಂಡಿತು. ಐದು ತಿಂಗಳು ಹಲಗೆ ಬಡಿದು ಮುಚ್ಚಿಟ್ಟು, ‘ನವೀಕರಣ’ ಮಾಡಿ, ಹೋದ ತಿಂಗಳು ಬಾಗಿಲು ತೆಗೆದರು. ಹೆಸರು ಹೇಳಲ್ಲ, ಹೇಳಿದ್ರೆ ನೀವು ಹೋಗಿ ನೋಡ್ತೀರಿ, ಅವರಿಗೆ ಇನ್ನೊಂದಿಷ್ಟು ಗಿರಾಕಿ. ಬೋರ್ಡಿನ ಕೆಳಗೆ ಈಗ ಚಿನ್ನದ ಬಣ್ಣದ ಅಕ್ಷರ: ‘ಕೋಜಿ ಸ್ಕಾಟಿಷ್ ಸ್ಟೈಲ್ ಪಬ್’.

ಅಲ್ಲ ಮಾರಾಯ್ರೇ, ಸ್ಕಾಟ್ಲೆಂಡ್ ನೆಲದ ಮೇಲೆ ನಿಂತುಕೊಂಡು ಸ್ಕಾಟಿಷ್ ಸ್ಟೈಲಾ? ಉಡುಪಿ ರಥಬೀದಿಯಲ್ಲಿ ‘ಉಡುಪಿ ಶೈಲಿಯ ಹೋಟೆಲು’ ಅಂತ ಬೋರ್ಡು ನೇತುಹಾಕಿದ ಹಾಗಾಯ್ತು.

ಮೊದಲು ಆ ಜಾಗ ಹೇಗಿತ್ತು ಅಂತ ಹೇಳಿಬಿಡ್ತೀನಿ, ಇಲ್ಲದಿದ್ರೆ ನನ್ನ ಸಂಕಟ ನಿಮಗೆ ಅರ್ಥ ಆಗಲ್ಲ. ಒಂದೇ ಕೋಣೆ. ಜೋರಾಗಿ ನಕ್ಕರೆ ಆ ಮೂಲೆಯವರು ತಿರುಗಿ ನೋಡೋಷ್ಟು ಚಿಕ್ಕದು. ಗೋಡೆಗೆ ಒರಗಿಸಿದ ಉದ್ದ ಬೆಂಚು, ಮಧ್ಯ ಕುಳಿ ಬಿದ್ದ ಸೀಟು. ಮೂಲೆಯಲ್ಲಿ ಒಲೆ, ಅದರ ಪಕ್ಕ ಒಂದು ಮುದಿ ನಾಯಿ. ಸೂರು ಮಾತ್ರ ಗಟ್ಟಿ ಕಾಫಿ ಬಣ್ಣ. ಸ್ಕಾಟ್ಲೆಂಡಿನಲ್ಲಿ ಪಬ್ಬೊಳಗೆ ಸಿಗರೇಟು ನಿಷೇಧ ಆಗಿದ್ದು 2006ರ ಮಾರ್ಚ್ 26ಕ್ಕೆ. ಅಲ್ಲಿವರೆಗೆ ತಲೆತಲಾಂತರದವರು ಸೇದಿ ಬಿಟ್ಟ ಹೊಗೆಯೆಲ್ಲ ಆ ಸೂರಿಗೆ ಹತ್ತಿತ್ತು. ನಾನು ಸಾಗರದ ಕಡೆಯವನು. ಆಷಾಢದ ಮಳೇಲಿ ನೆಂದು ಬಂದು ಬಚ್ಚಲೊಲೆ ಮುಂದೆ ಕುಕ್ಕರುಗಾಲಲ್ಲಿ ಕೂತರೆ ಬೆನ್ನಿಗೊಂದು ಸುಖ ಬರುತ್ತಲ್ಲ, ಹೊಗೆ ಕಣ್ಣಿಗೆ ಹೋದ್ರೂ ಏಳೋಕೆ ಮನಸ್ಸಾಗಲ್ಲವಲ್ಲ, ಅದೇ ಸುಖ ನನಗೆ ಈ ಪರದೇಶದಲ್ಲಿ ಆ ಒಲೆ ಪಕ್ಕ ಸಿಕ್ಕಿತ್ತು. ನವೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲೆ. ಸಮುದ್ರದ ಕಡೆಯಿಂದ ಮಳೆ ಅಡ್ಡಡ್ಡ ಹೊಡೆಯುತ್ತೆ, ಕೊಡೆ ಹಿಡಿಯೋದೆಲ್ಲ ಬರೀ ಸಮಾಧಾನಕ್ಕೆ.

ಆ ಒಲೆ ಪಕ್ಕದ ಅಜ್ಜನ ಬಗ್ಗೆ ಹೇಳಲೇಬೇಕು. ಹಡಗುಕಟ್ಟೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು. ನನ್ನ ಹೆಸರು ಅವರ ನಾಲಿಗೆಗೆ ಹೊರಳಲಿಲ್ಲ, ಮೊದಲ ದಿನದಿಂದಲೂ ‘ಸನ್’ ಅಂತಲೇ ಕರೆದರು. ಇಲ್ಲಿ ಪಬ್ಬಲ್ಲಿ ಟೇಬಲ್ಲಿಗೆ ಯಾರೂ ಬಂದು ಕೇಳಲ್ಲ, ಕೌಂಟರಿಗೆ ನಾವೇ ಹೋಗಬೇಕು ಅಂತ ಕಲಿಸಿದ್ದು ಅವರು. ‘ಹಾಫ್ ಅಂಡ್ ಎ ಹಾಫ್’ ಅಂದರೆ ಅರ್ಧ ಪೈಂಟ್ ಬಿಯರು, ಜೊತೆಗೆ ಒಂದು ವಿಸ್ಕಿ ಅಂತ ಹೇಳಿಕೊಟ್ಟಿದ್ದೂ ಅವರೇ. ರೌಂಡಿನ ಲೆಕ್ಕ, ಅಂದರೆ ಸರದಿ ಪ್ರಕಾರ ಒಬ್ಬೊಬ್ಬರು ಎಲ್ಲರಿಗೂ ಕುಡಿಸೋ ಲೆಕ್ಕ, ಯಾರೂ ಬರೆದಿಡಲ್ಲ, ಆದ್ರೆ ಯಾರ ಸರದಿ ತಪ್ಪಿದೆ ಅಂತ ಇಡೀ ಕೋಣೆಗೆ ಗೊತ್ತಿರುತ್ತೆ ಅನ್ನೋದನ್ನ ಮಾತ್ರ ನಾನೇ ಮರ್ಯಾದೆ ಕಳಕೊಂಡು ಕಲಿತೆ. ಬೆಂಗಳೂರಿನಲ್ಲಿ ಕೂತು ಯುನೈಟೆಡ್ ಬ್ರೂವರೀಸ್ ಅನ್ನೋ ಬಿಯರ್ ಕಂಪನಿಯನ್ನ 1915ರಲ್ಲಿ ಕಟ್ಟಿದ್ದು ಥಾಮಸ್ ಲೀಶ್‌ಮನ್ ಅನ್ನೋ ನಿಮ್ಮವನೇ ಅಂತ ನಾನೊಂದು ದಿನ ಹೇಳಿದೆ. ಅಜ್ಜ ಎದ್ದು ಹೋಗಿ ನನಗೊಂದು ರೌಂಡ್ ತಂದರು. "ಹಾಗಾದ್ರೆ ನಿಮ್ಮೂರಿಗೆ ನಾವು ಬಾಕಿ" ಅಂದರು. ಬಾಕಿ ಇರೋದು ನಾವಾ ಅವರಾ ಅಂತ ಆಮೇಲೆ ಒಂದು ಗಂಟೆ ಜಗಳ.

ಈಗ ಶುಕ್ರವಾರದ ಕಥೆಗೆ ಬರ್ತೀನಿ.

ಬಾಗಿಲು ತಳ್ಳಿದ ತಕ್ಷಣ ಒಬ್ಬ ಹುಡುಗ ಟ್ಯಾಬ್ ಹಿಡ್ಕೊಂಡು ಅಡ್ಡ ನಿಂತ. "ಬುಕಿಂಗ್ ಇದೆಯಾ?" ಪಬ್ಬಿಗೆ! ನಮ್ಮ ಬೀದಿ ತುದಿಯ ಪಬ್ಬಿಗೆ! ಇಲ್ಲ ಅಂದೆ. ಒಳಗೆ ಆರು ಟೇಬಲ್ ಖಾಲಿ ಹೊಡೀತಿದ್ದವು, ನನ್ನ ಕಣ್ಣಿಗೇ ಕಾಣ್ತಿತ್ತು. ಅವನು ಟ್ಯಾಬನ್ನ ಕೆಳಗೆ ಮೇಲೆ ಉಜ್ಜಿ, ಭಾರೀ ಉಪಕಾರ ಮಾಡಿದವನ ಹಾಗೆ, "ತೊಂಬತ್ತು ನಿಮಿಷ ಕೊಡಬಹುದು" ಅಂದ. ಒಂಬತ್ತು ವರ್ಷ ಕೂತ ಜಾಗದಲ್ಲಿ ನನಗೆ ತೊಂಬತ್ತು ನಿಮಿಷ.

ಕೂತೆ. ಗೋಡೆ ತುಂಬಾ ಟಾರ್ಟನ್ ಕಾಗದ, ಕೆಂಪು ಹಸಿರು ಚೌಕಳಿ, ಕಣ್ಣು ನೋಯೋಷ್ಟು. ಕುಶನ್‌ಗೂ ಅದೇ, ಹುಡುಗರ ಏಪ್ರನ್ನಿಗೂ ಅದೇ, ಶೌಚಾಲಯದ ಬಾಗಿಲಿಗೂ ಅದೇ. ಗೋಡೇಲಿ ಪ್ಲಾಸ್ಟಿಕ್ ಜಿಂಕೆ ತಲೆ. ಲೀತ್ ಅನ್ನೋದು ಬಂದರು, ಹಡಗು ಬಂದು ಹೋಗ್ತಿದ್ದ ಊರು. ಹೈಲ್ಯಾಂಡ್ ಗುಡ್ಡಗಾಡಿನ ಜಿಂಕೆಗೂ ಇದಕ್ಕೂ ಏನು ಸಂಬಂಧ? ಅಜ್ಜ ಇದನ್ನೂ ಹೇಳ್ತಿದ್ದರು. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಇದೇ ಲೀತ್‌ನಲ್ಲಿ ಹಡಗಿಳಿದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಂದೆ ನಿಂತು ಊರಿನ ದೊಡ್ಡ ಮನುಷ್ಯರಿಗೆಲ್ಲ ಟಾರ್ಟನ್ ಉಡಿಸಿದನಂತೆ, ದೊರೆಯೇ ಕಿಲ್ಟ್ ಅನ್ನೋ ಚೌಕಳಿ ಲಂಗ ಹಾಕ್ಕೊಂಡು ಮೆರೆದನಂತೆ. ಬಯಲುಸೀಮೆಯವರು ಗುಡ್ಡದವರ ವೇಷ ಹಾಕೋ ಖಯಾಲಿ ಆಗ ಜೋರಾಗಿದ್ದು ಇನ್ನೂ ಇಳಿದಿಲ್ಲ. ನಮ್ಮ ಪಬ್ಬಿಗೆ ಬರೋಕೆ ಮಾತ್ರ ಇನ್ನೂರು ವರ್ಷ ತಗೊಂಡಿತು.

ಸೂರಿಗೆ ಬಿಳಿ ಬಣ್ಣ ಬಳಿದಿದ್ದಾರೆ. ಸರಿ, ಬಳಿಯಲಿ. ಆದ್ರೆ ಬಳಿದ ಮೇಲೆ, ಅಲ್ಲಲ್ಲಿ ಕಂದು ಬಣ್ಣ ತೀಡಿ ‘ಹಳೇದರ ಥರ’ ಕಾಣೋ ಹಾಗೆ ಮಾಡಿದ್ದಾರೆ! ಹಳೇದನ್ನ ಅಳಿಸಿ, ದುಡ್ಡು ಕೊಟ್ಟು ಹಳೇದನ್ನ ಬರೆಸಿದ್ದಾರೆ. ಇದಕ್ಕೇನಂತೀರಿ?

ಒಲೆ. ಒಲೆ ಇದ್ದ ಗೂಡಿನಲ್ಲಿ ಈಗ ಟೀವಿ. ಟೀವಿಯಲ್ಲಿ ಬೆಂಕಿ. ಚಟಪಟ ಸದ್ದೂ ಬರುತ್ತೆ, ಮೇಲಿನ ಸ್ಪೀಕರಿಂದ, ಅದರ ಮೇಲೆ ಬ್ಯಾಗ್‌ಪೈಪ್ ಬೇರೆ. ಬಲಗಡೆ ಕೊರಡು ಉರಿದು ಉರಿದು ಇನ್ನೇನು ಮುರಿದು ಬೀಳುತ್ತೆ ಅನ್ನುವಾಗ ಚಿತ್ರ ಒಂಚೂರು ಹಾರಿ, ಕೊರಡು ಮತ್ತೆ ಹೊಸದಾಗಿ ಇಡೀ ಆಗಿ ನಿಂತಿರುತ್ತೆ. ನಾನಿದ್ದಷ್ಟು ಹೊತ್ತಿನಲ್ಲಿ ಅದು ಏಳು ಸಲ ಸತ್ತು ಏಳು ಸಲ ಹುಟ್ಟಿತು. ಎಣಿಸ್ತಾ ಕೂತಿದ್ದೆ, ಬೇರೆ ಏನು ಮಾಡ್ಲಿ, ಮಾತಾಡೋಕೆ ಯಾರೂ ಇರಲಿಲ್ಲ.

ಕೌಂಟರಿಗೆ ಎದ್ದು ಹೋದರೆ "ದಯವಿಟ್ಟು ಟೇಬಲ್ ಮೇಲಿನ ಕ್ಯೂಆರ್ ಕೋಡ್ ಬಳಸಿ" ಅಂದರು. "ಒಂದು ಪೈಂಟ್ ಹೆವಿ ಕೊಡಮ್ಮ" ಅಂದೆ ಆ ಹುಡುಗಿಗೆ. ಹೆವಿ ಅಂದರೇನು ಅಂತ ಅವಳು ನನ್ನನ್ನೇ ಕೇಳಿದಳು. ಅವಳ ತಪ್ಪಲ್ಲ, ಕಲಿಯೋ ಹುಡುಗಿ, ಯಾರೂ ಹೇಳಿಕೊಟ್ಟಿಲ್ಲ. ಒಂದು ಕಾಲಕ್ಕೆ ಇಲ್ಲಿ ಬಿಯರನ್ನ ಪೀಪಾಯಿಯ ಬೆಲೆ ಮೇಲೆ ಅರವತ್ತು ಶಿಲ್ಲಿಂಗು, ಎಪ್ಪತ್ತು, ಎಂಬತ್ತು ಅಂತ ಕರೀತಿದ್ದರು, ಎಪ್ಪತ್ತರದ್ದೇ ಹೆವಿ ಅಂತ ಹೇಳಿದೆ. ಸಾಗರದವನು ಲೀತ್‌ನ ಪಬ್ಬಲ್ಲಿ ನಿಂತು ಸ್ಕಾಟಿಷ್ ಬಿಯರಿನ ಪಾಠ ಮಾಡ್ತಿದ್ದೀನಿ, ನೋಡಿ ಗ್ರಹಚಾರ. ಹೆವಿ ಇಲ್ಲ. ‘ಹೈಲ್ಯಾಂಡ್ ಮಿಸ್ಟ್’ ಅಂತೇನೋ ಕಾಕ್‌ಟೇಲ್ ಇದೆಯಂತೆ, ಹೊಗೆ ಬರುತ್ತಂತೆ.

ವಿಸ್ಕಿಯಾದ್ರೂ ಕೊಡು ಅಂತ ಕೋಡ್ ಒತ್ತಿ ಹೇಳಿದೆ. ಬಂತು. ಲೋಟ ಎತ್ತಿದ ತಕ್ಷಣ ಅನುಮಾನ ಬಂತು. ಊರಲ್ಲಿ ಮೂವತ್ತು, ಅರವತ್ತು, ನೈಂಟಿ ಅಂತ ನೋಡಿ ಬೆಳೆದ ಕಣ್ಣು ಸುಳ್ಳು ಹೇಳಲ್ಲ. ಇಲ್ಲಿನ ಕಾನೂನಿನ ಪ್ರಕಾರ ವಿಸ್ಕಿಯನ್ನ 25 ಮಿ.ಲೀ. ಇಲ್ಲಾ 35 ಮಿ.ಲೀ. ಅಳತೆಯಲ್ಲಿ ಅಥವಾ ಅದರ ದುಪ್ಪಟ್ಟು, ಮುಪ್ಪಟ್ಟು ಲೆಕ್ಕದಲ್ಲಿ ಕೊಡಬೇಕು. ಯಾವ ಅಳತೆ ಅಂತ ಗಿರಾಕಿಗೆ ಕಾಣೋ ಹಾಗೆ ಬರೆದು ಹಾಕಬೇಕು. ಮೊದಲು ಗಲ್ಲಾದ ಪಕ್ಕ ಒಂದು ಹಿತ್ತಾಳೆ ಫಲಕ ಇತ್ತು, 35 ಅಂತ. ಈಗ ಹುಡುಕಿ ನೋಡಿದ್ರೆ, ಜಿಂಕೆ ತಲೆಯ ಕೆಳಗೆ, ಬೆರಳಗಲದ ಚೀಟಿ: 25. ಮೊದಲು 35 ಮಿ.ಲೀ.ಗೆ 4 ಪೌಂಡ್ 20 ಪೆನ್ಸ್ ಕೊಡ್ತಿದ್ದೆ, ಮಿಲಿಗೆ 12 ಪೆನ್ಸ್. ಈಗ 25ಕ್ಕೆ 5 ಪೌಂಡ್ 50, ಮಿಲಿಗೆ 22. ವಿಸ್ಕಿ ಅದೇ, ಬಾಟಲಿ ಅದೇ, ಲೇಬಲ್ಲೂ ಅದೇ!

ಇದನ್ನ ಇಲ್ಲಿನ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಒಬ್ಬ ಮಹಾನುಭಾವರು ಬಂದು, "ಸರ್ಕಾರ ಮದ್ಯದ ಕನಿಷ್ಠ ಬೆಲೆ ಏರಿಸಿದೆಯಲ್ಲ ಸಾರ್, ಅವರಾದ್ರೂ ಏನು ಮಾಡ್ತಾರೆ" ಅಂದರು. ಅಯ್ಯಾ ಪುಣ್ಯಾತ್ಮ, ಆ ಕಾನೂನು 2018ರ ಮೇ ತಿಂಗಳಲ್ಲಿ ಯೂನಿಟ್ಟಿಗೆ, ಅಂದರೆ 10 ಮಿ.ಲೀ. ಶುದ್ಧ ಆಲ್ಕೋಹಾಲಿಗೆ, 50 ಪೆನ್ಸ್ ಅಂತ ಶುರುವಾಯ್ತು, 2024ರ ಸೆಪ್ಟೆಂಬರ್ 30ರಿಂದ 65 ಪೆನ್ಸ್ ಆಯ್ತು. ನಲವತ್ತು ಪರ್ಸೆಂಟಿನ 25 ಮಿ.ಲೀ. ವಿಸ್ಕಿ ಅಂದರೆ ಸರಿಯಾಗಿ ಒಂದು ಯೂನಿಟ್. ಸರ್ಕಾರ ಹೇಳಿದ ಕನಿಷ್ಠ 65 ಪೆನ್ಸ್, ಇವರು ತಗೊಂಡಿದ್ದು 550 ಪೆನ್ಸ್. ಆ ಕಾನೂನಿನ ಬಿಸಿ ತಟ್ಟೋದು ಸೂಪರ್ ಮಾರ್ಕೆಟ್ಟಿನ ಅಗ್ಗದ ಬಾಟಲಿಗೆ. ಆಮೇಲೆ ಆ ಮಹಾನುಭಾವರು ಹೆಬ್ಬೆಟ್ಟು ಒತ್ತಿ ಸುಮ್ಮನಾದರು.

ವಿಸ್ಕಿಗೆ ಒಂದು ಹನಿ ನೀರು ಬೇಕಿತ್ತು. ಮೊದಲು ಕೌಂಟರಿನ ತುದಿಯಲ್ಲಿ ಮೂತಿ ಒಡೆದ ಪಿಂಗಾಣಿ ಹೂಜಿ ಇರ್ತಿತ್ತು, ಯಾರು ಬೇಕಾದ್ರೂ ಬಗ್ಗಿಸ್ಕೋಬಹುದಿತ್ತು. ಈಗ ಪಟ್ಟಿಯಲ್ಲಿ ಬಾಟಲಿ ನೀರು ಮಾತ್ರ, 3 ಪೌಂಡ್. ಸ್ಕಾಟ್ಲೆಂಡಿನಲ್ಲಿ ಲೈಸೆನ್ಸ್ ಇರೋ ಯಾವ ಪಬ್ಬೇ ಆಗಲಿ, ಕೇಳಿದವರಿಗೆ ನಲ್ಲಿ ನೀರನ್ನ ಬಿಟ್ಟಿ ಕೊಡಲೇಬೇಕು ಅಂತ ಕಾನೂನಿದೆ ಅಂದೆ. ಹುಡುಗಿ ಒಳಗೆ ಹೋಗಿ ಕೇಳ್ಕೊಂಡು ಬಂದು, ಒಂದು ಕಾಗದದ ಲೋಟದಲ್ಲಿ ತಂದಿಟ್ಟಳು. ಕಾಗದದ ಲೋಟ! ದಂತದ ಡಾಕ್ಟರ ಹತ್ರ ಬಾಯಿ ಮುಕ್ಕಳಿಸೋಕೆ ಕೊಡ್ತಾರಲ್ಲ, ಅಂಥದ್ದು.

ಊಟದ ವಿಷಯ ಜಾಸ್ತಿ ಬೆಳೆಸಲ್ಲ. ಮೊದಲು ಹ್ಯಾಗಿಸ್ ಅಂದರೆ ತಟ್ಟೆ ತುಂಬ ಬರೋದು: ಕುರಿಯ ಗುಂಡಿಗೆ, ಯಕೃತ್ತು, ಶ್ವಾಸಕೋಶ ಕೊಚ್ಚಿ ಓಟ್ಸ್, ಈರುಳ್ಳಿ, ಮೆಣಸು ಹಾಕಿ ಬೇಯಿಸಿದ್ದು, ಪಕ್ಕದಲ್ಲಿ ಟರ್ನಿಪ್ಪೂ ಆಲೂಗೆಡ್ಡೆಯೂ ಹಿಸುಕಿ ಎರಡು ಗುಡ್ಡೆ. ನಮ್ಮಾಕೆಗೆ ತರಕಾರಿ ಹ್ಯಾಗಿಸ್ಸೂ ಸಿಗ್ತಿತ್ತು. ಈಗ ‘ಹ್ಯಾಗಿಸ್ ಬಾನ್‌ಬಾನ್’ ಅಂತೆ. ಕರಿದ ನಾಲ್ಕು ಉಂಡೆ, ಕಪ್ಪು ಕಲ್ಲಿನ ಹಲಗೆ ಮೇಲೆ, 9 ಪೌಂಡ್ 50. ಬೋಂಡಾ ಸ್ವಾಮಿ ಅದು. ಚಟ್ನಿ ಒಂದಿಲ್ಲ ಅಷ್ಟೆ.

ಬಿಲ್ಲಿಗೆ 12.5 ಪರ್ಸೆಂಟ್ ಸರ್ವೀಸ್ ಚಾರ್ಜ್ ತಾನಾಗೇ ಸೇರಿತ್ತು. ಯಾರೂ ಬಂದು ಕೇಳಿಲ್ಲ, ಎಲ್ಲ ನನ್ನ ಫೋನೇ ಮಾಡಿದೆ, ಸರ್ವೀಸ್ ಯಾರಿಗೆ, ನನ್ನ ಹೆಬ್ಬೆರಳಿಗಾ? ತೆಗೆಸಬಹುದಿತ್ತು. 2024ರ ಅಕ್ಟೋಬರಿಂದ ಆ ದುಡ್ಡೆಲ್ಲ ಕೆಲಸದವರಿಗೇ ಹೋಗಬೇಕು ಅಂತ ಕಾನೂನು ಬಂದಿರೋದರಿಂದ, ಆ ಹುಡುಗಿಯ ಮುಖ ನೋಡಿ ಸುಮ್ಮನೆ ಕೊಟ್ಟೆ.

ಇಷ್ಟೂ ನುಂಗಿಕೊಳ್ತಿದ್ದೆ ಸ್ವಾಮಿ. ನನಗೆ ಉರಿದಿದ್ದು ಮನೆಗೆ ಬಂದು ಗೂಗಲ್‌ನಲ್ಲಿ ಗಿರಾಕಿಗಳ ಅಭಿಪ್ರಾಯ ಓದಿದಾಗ. ಎಲ್ಲಾ ಐದು ನಕ್ಷತ್ರ! ಒಬ್ಬರಿಗೆ ಇದು ಅಪ್ಪಟ ಸ್ಕಾಟ್ಲೆಂಡ್. ಇನ್ನೊಬ್ಬರಿಗೆ ಸೂರಿನ ಮೇಲಿನ ಹಳೇ ಕಲೆ ನೋಡಿ ಇತಿಹಾಸ ಮೈಮೇಲೆ ಬಂತಂತೆ. ಮತ್ತೊಬ್ಬರಿಗೆ ಬೆಂಕಿ ಪಕ್ಕ ಕೂತು ಬೆಚ್ಚಗಾಯ್ತಂತೆ. ಟೀವಿಯಿಂದ! ಅದು ಮೈ ಕಾಯಿಸಿದರೆ ನಮ್ಮಮ್ಮ ಧಾರಾವಾಹಿ ನೋಡ್ತಾ ಕಂಬಳಿ ಯಾಕೆ ಹೊದ್ಕೊಳ್ತಿದ್ದಳು? ನಾಲ್ಕು ದಿನ ಸುತ್ತೋಕೆ ಬಂದ ಪ್ರವಾಸಿಗರನ್ನ ಬೈಯೋಕೆ ಮನಸ್ಸಿಲ್ಲ. ಹಂಪಿಗೆ ಹೋದಾಗ ನಾನೂ ಅಂಥದ್ದೇ ಬರೆದಿರ್ತೀನೋ ಏನೋ. ಆದ್ರೆ ಆ ಸರಾಸರಿ ನಕ್ಷತ್ರ ನೋಡಿ ಪಕ್ಕದ ಬೀದಿಯ ಪಬ್ಬಿನವರೂ ಟಾರ್ಟನ್ ಕಾಗದದ ರೇಟು ವಿಚಾರಿಸ್ತಿದ್ದಾರಂತೆ, ಅದಕ್ಕೆ ಹೊಟ್ಟೆಯುರಿ.

ನಾನೂ ಒಂದು ನಕ್ಷತ್ರ ಕೊಟ್ಟು ಬರೆದೆ. 25, 35ರ ಲೆಕ್ಕ, ನೀರು, ಟೀವಿ, ಎಲ್ಲ. ಹತ್ತು ನಿಮಿಷದಲ್ಲಿ ಉತ್ತರ: ನಿಮ್ಮ ಅನಿಸಿಕೆ ನಮಗೆ ಅಮೂಲ್ಯ, ಮತ್ತೊಮ್ಮೆ ಬಂದು ನಮ್ಮ ಬೆಂಕಿಯ ಪಕ್ಕ ಆರಾಮವಾಗಿ ಕುಳಿತುಕೊಳ್ಳಿ ಅಂತ.

ಭಾನುವಾರ ಬೆಳಿಗ್ಗೆ ಲೀತ್ ವಾಕ್‌ನಲ್ಲಿ ಟ್ರಾಮ್ ನಿಲ್ದಾಣದ ಹತ್ರ ಅಜ್ಜ ಸಿಕ್ಕರು. ನಾಯಿ ಹಿಡ್ಕೊಂಡು ನಿಂತಿದ್ದರು. ನಾಯಿಯನ್ನ ಈಗ ಒಳಗೆ ಬಿಡಲ್ವಂತೆ, ಕುಶನ್ ಹಾಳಾಗುತ್ತಂತೆ. ಹಾಗಾಗಿ ಅವರು ಒಳಗೆ ಕಾಲೇ ಇಟ್ಟಿಲ್ಲ. "ಒಲೆ ಹಚ್ತಿದ್ದಾರಾ, ಸನ್?" ಅಂತ ಕೇಳಿದರು.

"ಹಚ್ತಾರೆ, ರಿಮೋಟಲ್ಲಿ" ಅಂದೆ.

ನಗೋದು ಮುಗಿಸಿ ಕಣ್ಣೊರೆಸಿಕೊಳ್ಳೋಕೆ ಅವರಿಗೆ ಒಂದು ಟ್ರಾಮ್ ಹೋಗೋಷ್ಟು ಹೊತ್ತು ಬೇಕಾಯ್ತು. ಬರೋ ಶನಿವಾರ ನಮ್ಮನೆಗೆ ಬರ್ತಾರೆ, ನಾಯಿ ಸಮೇತ, ಡಾಮಿನೋ ಆಟದ ಬಿಲ್ಲೆ ಅವರೇ ತರ್ತಾರಂತೆ. ನಮ್ಮಾಕೆ ಬೋಂಡಾ ಮಾಡ್ತೀನಿ ಅಂದಿದ್ದಾಳೆ, ಚಟ್ನಿ ಸಮೇತ. 35 ಮಿ.ಲೀ. ಅಳತೆಯ ಲೋಟ ಒಂದು ಬೇಕಾಗಿದೆ, ಅಂಗಡಿಯಲ್ಲೆಲ್ಲ 25ರದ್ದೇ ಇಟ್ಟಿದ್ದಾರೆ. ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದವರು ಶುಕ್ರವಾರದೊಳಗೆ ಹೇಳಿ.