ಬೆಂಡೆಗಿಡದ ಸೆಟ್‌ಬ್ಯಾಕ್

ನಮ್ಮದು ಜೆ.ಪಿ. ನಗರದ ಹಿಂಬದಿಯ 30x40 ಸೈಟು. ನಮ್ಮ ಮನೆಗೂ ಪಕ್ಕದ ಮನೆಗೂ ಮಧ್ಯೆ ಅಡ್ಡಡ್ಡ ನಡೆದರೆ ಮಾತ್ರ ತೂರಬಹುದು. ಅವರ ಒಗ್ಗರಣೆಗೆ ನಮಗೆ ಸೀನು ಬರುತ್ತೆ. ಇಂಥ ಬೆಂಗಳೂರಲ್ಲಿ ಸೆಟ್‌ಬ್ಯಾಕ್, ಅಂದರೆ ಸುತ್ತ ಬಿಡುವ ಖಾಲಿ ಜಾಗ, ಬೇಕೇ ಬೇಕು ಅಂತ ಹಟ ಹಿಡಿಯುವುದು ಬೆಂಡೆಗಿಡ ಒಂದೇ. ಸಾಲಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 30.

ಅಪ್ಪ ಇದನ್ನು ಕಾನೂನಿನಂತೆ ಪಾಲಿಸಿದರು. ಗೇಟಿನ ಪಕ್ಕ ದಿನವಿಡೀ ಬಿಸಿಲು ಬೀಳುವ ಜಾಗವನ್ನು ಬೆಂಡೆಗೆ ಕೊಟ್ಟು, ಕಾರನ್ನು ರಸ್ತೆಗೆ ಓಡಿಸಿದರು. ಗೂಟ ಹೊಡೆದು ದಾರ ಕಟ್ಟಿ, ಟೇಪು ಹಿಡಿದರು. ಬೀಜ ಅರ್ಕಾ ಅನಾಮಿಕ. 'ನಮ್ಮ ಹೆಸರಘಟ್ಟದ ತಳಿ, ಹಳದಿ ನಂಜು ರೋಗ ತಡ್ಕೊಳ್ಳುತ್ತೆ' ಅಂತ ಹಾಲಿನವನಿಗೂ ಹೇಳಿಯಾಯಿತು. ರಾತ್ರಿ ಬೀಜ ನೆನೆಹಾಕಿ, ಬೆಳಿಗ್ಗೆ ಅಳತೆಯಂತೆ ಹನ್ನೆರಡು ಗುಣಿಗೆ ಹಾಕಿ ವಾಕಿಂಗ್ ಹೋದರು.

'ಬಟ್ಟಲು ತುಂಬಾ ಬೀಜ ನೆಂದಿದೆ, ಬರೀ ಹನ್ನೆರಡು ಗಿಡಾನಾ? ಒಂದು ಹುಳಿಗೂ ಸಾಲಲ್ಲ' ಅಂತ ಅಮ್ಮ ಮಿಕ್ಕಿದ್ದನ್ನೆಲ್ಲಾ ಸಂದಿಗೊಂದಿಗೆ ಊರಿದಳು. ವಾರದೊಳಗೆ ಪಾತಿಯಲ್ಲಿ ಮಣ್ಣೇ ಕಾಣಲಿಲ್ಲ.

'ಒತ್ತುವರಿ!' ಅಂದರು ಅಪ್ಪ.

ಹೆಚ್ಚಿನ ಸಸಿ ಕೀಳಬೇಕಿತ್ತು. 'ಹುಟ್ಟಿರೋದನ್ನ ಕೀಳ್ತಾರೇನ್ರೀ?' ಅಂತ ಅಮ್ಮ ಅಡ್ಡ ನಿಂತಳು. ಸರಿ, ಬೇರೆ ಕಡೆ ನೆಡೋಣ ಅಂದರೆ ಬೆಂಡೆಯ ತಾಯಿಬೇರು ಅಲ್ಲಾಡಿಸಿದರೆ ಸಹಿಸಲ್ಲ. ಬಕೆಟ್‌ಗೆ ಸಾಗಿಸಿದವು ಸಂಜೆಯೊಳಗೆ ತಲೆ ಬಾಗಿಸಿದವು. ಕಿತ್ತರೆ ಪಕ್ಕದ ಗಿಡದ ಬೇರಿಗೂ ಪೆಟ್ಟು, ಬುಡಕ್ಕೆ ಕತ್ತರಿಸುವುದೇ ವಾಸಿ ಅಂತ ಅಪ್ಪ ಕತ್ತರಿ ತಂದರು. ಅಮ್ಮ ಕಿತ್ತುಕೊಂಡಳು. ಅದು ಅವಳ ಬ್ಲೌಸ್ ಹೊಲಿಯುವ ಕತ್ತರಿ.

ಗಿಡಗಳಿಗೆ ಅಕ್ಕಪಕ್ಕ ಜಾಗವಿಲ್ಲ, ಮೇಲೇರಿದವು. ನರಪೇತಲ ಕಾಂಡ, ತುದಿಯಲ್ಲಿ ನಾಲ್ಕು ಎಲೆ. ಕೆಳಗೆ ಗಾಳಿಯಾಡದ ಕಡೆ ಬಿಳಿನೊಣ ಬಾಡಿಗೆಗೆ ಬಂತು. ಆದರೂ ಒಂದೂವರೆ ತಿಂಗಳಿಗೆ ಹೂ ಬಿಡ್ತು. ನಸುಹಳದಿ ಎಸಳು, ಒಳಗೆ ಕಡುಗೆಂಪು ಮಚ್ಚೆ. ದಾಸವಾಳದ ಕುಟುಂಬ ಅಲ್ವಾ, ಚೆಂದಕ್ಕೇನೂ ಕಮ್ಮಿಯಿಲ್ಲ.

ತೊಂದರೆ ಶುರುವಾಗಿದ್ದು ಕೊಯ್ಲಲ್ಲಿ. ಬೆಂಡೆಯ ಸಣ್ಣ ಸುಂಕು ಮೈಗೆ ತಾಗಿದರೆ ನವೆ. ಅಗಲವಾಗಿ ನೆಟ್ಟಿದ್ದರೆ ಬೆರಳಷ್ಟೇ ಸಾಕು; ನಮ್ಮಲ್ಲಿ ಇಡೀ ಮನುಷ್ಯ ಒಳಗೆ ಹೋಗಬೇಕು. ತೋಳಿಗೆಲ್ಲಾ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸಾಕಾಗಿ, ಅಪ್ಪ ಸ್ಕೂಟರಿನ ರೇನ್‌ಕೋಟ್ ಹಾಕಿಕೊಂಡು ಇಳಿದರು. ಮೇಲೆ ಸುಡುಬಿಸಿಲು. ಕಾಂಪೌಂಡ್ ಆಚೆಯಿಂದ ಪಕ್ಕದ ಮನೆಯವರು, 'ಏನ್ ಸಾರ್, ಮಳೆ ಬರುತ್ತಾ?' ಅಂದರು. ತಕ್ಷಣ ಹೆಂಡತಿಗೆ ಕೂಗಿ ಹಪ್ಪಳ ಒಳಗೆ ತೆಗೆಸಿದರು.

ದಿನ ಬಿಟ್ಟು ದಿನ ಕೊಯ್ಯದಿದ್ದರೆ ಕಾಯಿ ಬಲಿಯುತ್ತೆ. ಈ ಕಾಡಲ್ಲಿ ಕಣ್ಣಿಗೆ ಬಿದ್ದರೆ ತಾನೇ? ಸಿಕ್ಕಿದ್ದರ ತುದಿ ಪಟ್ ಅಂತ ಮುರಿಯಲಿಲ್ಲ, ರಬ್ಬರಿನಂತೆ ಬಾಗಿತು. ಅದನ್ನೂ ಅಮ್ಮ ಗೊಜ್ಜು ಮಾಡಿದಳು. ಅಪ್ಪ ಊಟಕ್ಕಿಂತ ಜಾಸ್ತಿ ಹೊತ್ತು ಹಲ್ಲಿನ ಸಂದಿಯ ನಾರು ತೆಗೆದರು. ಬೆಂಡೆಕಾಯಿ ತಿಂದರೆ ಲೆಕ್ಕ ಚೆನ್ನಾಗಿ ಬರುತ್ತೆ ಅಂತ ನನಗೆ ಚಿಕ್ಕಂದಿನಲ್ಲಿ ತುರುಕಿದ್ದು ಇದೇ ಅಮ್ಮ. ಹನ್ನೆರಡು ಹೇಗೆ ಅಷ್ಟಾಯಿತು ಅಂತ ಕೇಳುವ ಧೈರ್ಯ ಯಾರಿಗೂ ಇಲ್ಲ.

ಬಲಿತ ಕಾಯಿಗಳನ್ನೆಲ್ಲಾ ಒಣಗಿಸಿ ಬಿಡಿಸಿದ್ದಾಳೆ. ಹಾರ್ಲಿಕ್ಸ್ ಬಾಟಲಿ ತುಂಬಾ ಬೀಜ. ಪಕ್ಕದ ಮನೆಯವರು ತಾವೂ ಬೆಂಡೆ ಹಾಕ್ತೀವಿ ಅಂತ ಟೇಪು ಕೇಳಲು ಬಂದಿದ್ದರು. 'ಟೇಪು ಯಾಕ್ರೀ, ನಾನೇ ಬಂದು ಹಾಕ್ಕೊಡ್ತೀನಿ' ಅಂದಿದ್ದಾಳೆ ಅಮ್ಮ.