‘ಜಾಗವಿಲ್ಲ’ ಎನ್ನಬಾರದೇ?

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ದೂರದ ಸರ್ವರ್‌ಗೆ ಸೇರಿಕೊಂಡು ಪ್ರೋಗ್ರಾಂ ಬರೆಯಲು ಬಳಸುವ ನನ್ನ ಕೋಡ್ ಎಡಿಟರ್ ಹೇಳಿದ್ದು ಒಂದೇ ಮಾತು: ‘ಸಂಪರ್ಕ ಸಾಧ್ಯವಾಗಲಿಲ್ಲ, ಮತ್ತೆ ಪ್ರಯತ್ನಿಸಿ.’ ಸರ್ವರ್‌ಗೆ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್ ಕೀ ಹೊಸದಾಗಿ ಮಾಡಿದೆ, ಸುರಕ್ಷಿತ ಜಾಲಸಂಪರ್ಕವಾದ ವಿಪಿಎನ್ ಕಡಿದು ಜೋಡಿಸಿದೆ. ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್‌ನಿಂದ ಹೋದರೆ ಅದೇ ಸರ್ವರ್ ಕ್ಷಣದಲ್ಲಿ ಒಳಗೆ ಬಿಡುತ್ತದೆ!

ಕೊನೆಗೆ ನೋಡಿದರೆ, ಎಲ್ಲರೂ ಹಂಚಿಕೊಂಡು ಬಳಸುವ ಆ ಯಂತ್ರದಲ್ಲಿ ನನ್ನ ಕಡತಗಳಿಗೆಂದು ಇರುವ 10 ಜಿಬಿ ಜಾಗ (ಹೋಮ್ ಡೈರೆಕ್ಟರಿ) ಭರ್ತಿಯಾಗಿತ್ತು. ತುಂಬಿಸಿದ್ದು ಬೇರೆ ಯಾರೂ ಅಲ್ಲ, ಇದೇ ಎಡಿಟರ್. ಅಪ್‌ಡೇಟ್ ಆದಾಗಲೆಲ್ಲ ಸರ್ವರ್‌ನಲ್ಲಿ ಓಡುವ ತನ್ನ ಭಾಗದ ಹೊಸ ಪ್ರತಿಯನ್ನು ಅಲ್ಲಿ ಇಳಿಸಿಕೊಂಡಿದೆ. ಹಳೆಯವು, ಎಕ್ಸ್‌ಟೆನ್ಷನ್‌ಗಳ (ಎಡಿಟರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯಗಳ) ಸಮೇತ, ಕಣ್ಣಿಗೆ ಕಾಣದ ಫೋಲ್ಡರಿನಲ್ಲಿ ಹಾಗೆಯೇ ಬಿದ್ದಿದ್ದವು. ಅದನ್ನು ಅಳಿಸಿದೊಡನೆ ಸಂಪರ್ಕ ಸಿಕ್ಕಿತು. ನಿಜವಾದ ಕಾರಣ ಎಡಿಟರ್ ಬರೆದಿಡುವ ಉದ್ದನೆಯ ದಾಖಲೆಯ (ಲಾಗ್) ನಡುವೆ ಒಂದು ಸಾಲಿನಲ್ಲಿ ಹೂತಿತ್ತು. ಅದನ್ನೇ ಪರದೆಯ ಮೇಲೆ ತೋರಿಸಿದ್ದರೆ ನನ್ನ ಅರ್ಧ ದಿನ ಉಳಿಯುತ್ತಿತ್ತು.